ರಿಪೇರಿ ಮಾಡಾಣೋ, ಬದಲಿ ಮಾಡಾಣೋ?

2025ರ ಬೇಸಿಗೆಯಲ್ಲಿ ಆದೋನಿಯ ಒಂದು ಮೆಕ್ಯಾನಿಕ್ ಶೆಡ್ಡಿನಲ್ಲಿ ಎರಡು ಗಾಡಿಗಳು ಅಕ್ಕಪಕ್ಕ ಬಾನೆಟ್ ತೆರೆದುಕೊಂಡು ನಿಂತಿದ್ದವು. ಒಂದು, ಪತ್ತಿಕೊಂಡದ ಕಡೆಯಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದ ನಮ್ಮ ಮನೆಯ ಹಳೇ ಜೀಪು. ಇನ್ನೊಂದು, ಬಳ್ಳಾರಿ ಕಡೆಯ ಹುಡುಗನೊಬ್ಬ ಲಾರಿ ಮೇಲೆ ಹೇರಿಸಿಕೊಂಡು ಬಂದಿದ್ದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಎರಡಕ್ಕೂ ರೋಗ ಒಂದೇ. ಇಂಜಿನ್ ಮುಗಿದಿತ್ತು.

ಶೆಡ್ಡಿನ ಸಾಹೇಬರು ಕೈ ಒರೆಸಿಕೊಳ್ಳುತ್ತಾ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದರು. ಹುಡುಗನಿಗೆ ಕನ್ನಡದಲ್ಲಿ: "ರಿಪೇರಿ ಮಾಡಾಣೋ, ಬದಲಿ ಮಾಡಾಣೋ?" ನನಗೆ ತೆಲುಗಿನಲ್ಲಿ: "ರಿಪೇರಿ ಚೇದ್ದಾಮಾ, ಮಾರ್ಚೇದ್ದಾಮಾ?" ಗಡಿಯ ಮೇಸ್ತ್ರಿಗೆ ಎರಡು ಭಾಷೆ ಅಂದ್ರೆ ಎರಡು ಪಾನಾ ಇದ್ದಂಗೆ. ಯಾವ ನಟ್ಟಿಗೆ ಯಾವುದು ಕೂರ್ತದೋ ಅದನ್ನೇ ತೆಗೀತಾರೆ.

ಉತ್ತರ ಕೊಡೋಕೆ ನನಗೆ ಹನ್ನೆರಡು ದಿನ ಹಿಡೀತು. ಯಾಕಂದ್ರೆ ಇದೇ ಜೀಪಿನ ಬಗ್ಗೆ ಇದೇ ಪ್ರಶ್ನೆಗೆ 1993ರಲ್ಲಿ ನಮ್ಮಪ್ಪ ನಿಂತ ಕಾಲಲ್ಲೇ ಉತ್ತರ ಕೊಟ್ಟಿದ್ದರು. ಆ ಉತ್ತರದ ಲಾಭ ಉಂಡವರೂ ನಾವೇ, ದಂಡ ಕಟ್ಟಿದವರೂ ನಾವೇ. ನಮ್ಮ ಕಡೆ ಹಳೇ ಜೀಪು, ಹಳೇ ಟ್ರ್ಯಾಕ್ಟರು ಇಟ್ಟುಕೊಂಡು ಈ ಇಕ್ಕಟ್ಟಿನಲ್ಲಿ ನಿಂತವರು ಬಹಳ ಮಂದಿ ಇದ್ದಾರೆ. ಅವರಿಗೆ ಉಪಯೋಗ ಆದೀತು ಅಂತ ಈ ಕತೆಯನ್ನು ಲೆಕ್ಕದ ಸಮೇತ ಹೇಳ್ತೀನಿ.

ಅಪ್ಪನ ಲೆಕ್ಕ

1945ರಲ್ಲಿ ಲೂಧಿಯಾನದಲ್ಲಿ ಶುರುವಾದ ಮಹೀಂದ್ರ ಕಂಪನಿ 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪಿನ ವ್ಯವಹಾರಕ್ಕೆ ಕೈ ಹಾಕಿತು. ಆ ವಂಶದಲ್ಲಿ ನಮ್ಮ ಕಡೆ ಹೆಚ್ಚು ಕಂಡದ್ದು ಸಿಜೆ-3ಬಿ, ಎತ್ತರ ಬಾನೆಟ್ಟಿನ ಜೀಪು. ಬಾನೆಟ್ ಎತ್ತರ ಇಟ್ಟದ್ದು ಚೆಂದಕ್ಕಲ್ಲ. ಒಳಗಿನ 'ಹರಿಕೇನ್' ಪೆಟ್ರೋಲ್ ಇಂಜಿನ್ನೇ ಎತ್ತರ. ಗಾಳಿ-ಪೆಟ್ರೋಲು ಒಳಗೆ ಬಿಡುವ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ನಾಲ್ಕು ಸಿಲಿಂಡರು, 2199 ಸಿಸಿ. ಗೇರು ಮೂರೇ.

ಅಪ್ಪ ಇದನ್ನು 1981ರಲ್ಲಿ ಹರಾಜಿನಲ್ಲಿ ಕೊಂಡರು. ಕಡಲೆಕಾಯಿ ಮೂಟೆ ಹೇರಿಕೊಂಡು ಆದೋನಿ ಮಾರ್ಕೆಟ್ಟಿಗೆ, ಗೊಬ್ಬರ-ಬೀಜಕ್ಕೆ ಬಳ್ಳಾರಿಗೆ, ಅಮಾವಾಸ್ಯೆಗೆ ಮಂತ್ರಾಲಯಕ್ಕೆ, ದಸರಾದಲ್ಲಿ ದೇವರಗಟ್ಟಿಗೆ. ಮುಂಗಾರಿನ ಮೊದಲ ಮಳೆ ಬಿದ್ದ ಮಾರನೇ ದಿನ, ವಜ್ರ ಹುಡುಕೋ ಹುಚ್ಚಿಗೆ ಬಿದ್ದ ನೆಂಟರನ್ನೆಲ್ಲ ತುಂಬಿಕೊಂಡು ಜೊನ್ನಗಿರಿ ಹೊಲಗಳಿಗೂ ಹೋಗಿದ್ದುಂಟು. ವಜ್ರ ಸಿಗಲಿಲ್ಲ. ಪೆಟ್ರೋಲು ಮಾತ್ರ ಖಾಲಿಯಾಯ್ತು.

1993ಕ್ಕೆ ಇಂಜಿನ್ ನೀಲಿ ಹೊಗೆ ಬಿಡೋಕೆ ಶುರುಮಾಡಿತು. ಆಯಿಲ್ ಕುಡೀತಿತ್ತು, ಏರಿನಲ್ಲಿ ಮುಕ್ಕುತ್ತಿತ್ತು. ರೀಬೋರು ಮಾಡಿಸಬಹುದಿತ್ತು. ಆದರೆ ಅಪ್ಪ ಕೂತು ಲೆಕ್ಕ ಹಾಕಿದರು. 1990ರ ಕೊಲ್ಲಿ ಬಿಕ್ಕಟ್ಟಿನ ಮೇಲೆ ಪೆಟ್ರೋಲಿನ ರೇಟು ಏರಿತ್ತು, ಡೀಸೆಲ್ಲು ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತಿತ್ತು. ನಮ್ಮ ಜೀಪು ವರ್ಷಕ್ಕೆ 20 ಸಾವಿರ ಕಿಲೋಮೀಟರು ಓಡುತ್ತಿತ್ತು. ಪೆಟ್ರೋಲಿನಲ್ಲಿ ಲೀಟರಿಗೆ ಎಂಟು, ಡೀಸೆಲ್ಲಿನಲ್ಲಿ ಹನ್ನೆರಡು. ವರ್ಷಕ್ಕೆ 2500 ಲೀಟರು ದುಬಾರಿ ಪೆಟ್ರೋಲಿನ ಜಾಗದಲ್ಲಿ 1670 ಲೀಟರು ಅಗ್ಗದ ಡೀಸೆಲ್ಲು. ಆಗ ಹಳ್ಳಿಹಳ್ಳಿಯಲ್ಲೂ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರು ಇದ್ದವು. ಅದೇ ಜಾತಿಯ ಡೀಸೆಲ್ ಇಂಜಿನ್ ಜೀಪಿಗೆ ಕೂರಿಸೋದು ಎಲ್ಲ ಶೆಡ್ಡುಗಳಿಗೂ ಕರತಲಾಮಲಕ.

"ಮಾರ್ಚೇಯ್" ಅಂದರು ಅಪ್ಪ. ಬದಲಿಸಿಬಿಡು.

ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎರಡು ವರ್ಷದೊಳಗೆ ಇಂಜಿನ್ನಿನ ದುಡ್ಡು ಹುಟ್ಟಿತು. ಹಳೇ ಪೆಟ್ರೋಲ್ ಇಂಜಿನ್ನನ್ನು ಗುಜರಿಗೆ ಹಾಕೋಕೆ ಅಪ್ಪನಿಗೆ ಮನಸ್ಸು ಬರಲಿಲ್ಲ. ಗೋಣಿಚೀಲ ಸುತ್ತಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟರು.

ಲೆಕ್ಕಕ್ಕೆ ಬಾರದ್ದು

ಬದಲಿ ಇಂಜಿನ್ ತಾನೊಂದೇ ಬರೋದಿಲ್ಲ, ತನ್ನ ಭಾರವನ್ನೂ ತನ್ನ ಗುಣವನ್ನೂ ತರ್ತದೆ. ಟ್ರ್ಯಾಕ್ಟರಿನ ಇಂಜಿನ್ ನಿಧಾನಕ್ಕೆ ತಿರುಗಿ ಜೋರಾಗಿ ಎಳೆಯೋ ಪೈಕಿ. ಜೀಪಿನ ಮೂರು ಗೇರು ಪೆಟ್ರೋಲ್ ಇಂಜಿನ್ನಿನ ಓಟಕ್ಕೆ ಲೆಕ್ಕಹಾಕಿ ಮಾಡಿದವು. ಹಂಗಾಗಿ ಡಾಂಬರು ರಸ್ತೆಯಲ್ಲಿ ಐವತ್ತು ದಾಟಿದರೆ ಇಂಜಿನ್ ಕೂಗುತ್ತಿತ್ತು, ಏರಿನಲ್ಲಿ ಗೇರಿನ ಹಲ್ಲು ಸವೀತಿತ್ತು. ಮೂತಿ ಭಾರವಾಗಿ ಮುಂದಿನ ಕಮಾನುಪಟ್ಟಿ ಕುಸಿದವು. ನಡುಕಕ್ಕೆ ಚಾಸಿಯ ಅಡ್ಡಪಟ್ಟಿ ಬಿರುಕು ಬಿಟ್ಟು ಎರಡು ಸಲ ವೆಲ್ಡಿಂಗ್ ಆಯ್ತು. ಬ್ರೇಕು ಮಾತ್ರ ಮೊದಲಿನವೇ. ಇಂಜಿನ್ ದೊಡ್ಡದಾದರೆ ಬ್ರೇಕಿನ ಕಡೆಯೂ ನೋಡಬೇಕು ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಇನ್ನೊಂದು ಕೆಲಸವನ್ನೂ ನಾವು ಮಾಡಲಿಲ್ಲ. ಆರ್‌ಸಿ ಬುಕ್ಕಿನಲ್ಲಿ ಇಂಜಿನ್ ನಂಬರು ಹಳೇದೇ ಉಳೀತು, ಇಂಧನ ಪೆಟ್ರೋಲು ಅಂತಲೇ ಉಳೀತು. "ಗಾಡಿ ನಮ್ಮದು, ಇಂಜಿನ್ ದುಡ್ಡು ಕೊಟ್ಟು ತಂದದ್ದು, ಇನ್ನೇನು" ಅಂತ ಅಪ್ಪ ಸುಮ್ಮನಾದರು.

2003ರಲ್ಲಿ ಆದೋನಿ ರಸ್ತೆಯ ಒಂದು ತಿರುವಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂತು. ಅಪ್ಪ ಬ್ರೇಕು ಒತ್ತಿದರು. ಮೂತಿ ಮುಗ್ಗರಿಸಿ ಜೀಪು ಪಕ್ಕಕ್ಕೆ ಉರುಳಿತು. ಅಪ್ಪನಿಗೆ ತರಚು ಗಾಯ. ಪಕ್ಕದಲ್ಲಿ ಕೂತಿದ್ದ ನಮ್ಮ ಹೊಲದ ಆಳಿನ ಬಲಗಾಲು ಮುರೀತು. ನಾನು ಚಿಕ್ಕಂದಿನಿಂದ ಮಾವ ಅಂತ ಕರೆಯೋ ಮನುಷ್ಯ ಆತ. ಇನ್ಶೂರೆನ್ಸಿಗೆ ಹೋದರೆ ಅವರು ಮೊದಲು ನೋಡಿದ್ದು ಇಂಜಿನ್ ನಂಬರು. "ಬುಕ್ಕಿನಾಗ ಇರೋ ಇಂಜಿನ್ನೇ ಬೇರೆ, ಗಾಡ್ಯಾಗ ಇರೋದೇ ಬೇರೆ. ಇದು ನಾವು ಇನ್ಶೂರ್ ಮಾಡಿದ ಗಾಡೀನೇ ಅಂತ ಹೆಂಗ ಹೇಳಾಣ?" ಅಂದರು. ಕಾಗದ ಅಲ್ಲಿಂದಿಲ್ಲಿಗೆ ಅಲೆದಾಡಿತು. ಮುರಿದ ಕಾಲು ಕಾಗದಕ್ಕೆ ಕಾಯ್ತದಾ? ಆಸ್ಪತ್ರೆಯ ಖರ್ಚಿಗೆ ಅಪ್ಪ ಕೆಂಪು ಚೆಲಕದ ಎರಡು ಎಕರೆ ಮಾರಿದರು.

ತೆಲುಗಿನಲ್ಲಿ ಮಾರ್ಚು ಅಂದ್ರೆ ಬದಲಿಸು. ಕನ್ನಡದಲ್ಲಿ ಮಾರು ಅಂದ್ರೆ ಕ್ರಯಕ್ಕೆ ಕೊಡು. ಎರಡೂ ಭಾಷೆಯಲ್ಲಿ ಪದ ಕಟ್ಟೋ ನನಗೆ ಈ ಎರಡು ಮಾತು ಇಷ್ಟು ಹತ್ತಿರ ಇವೆ ಅಂತ ಗೊತ್ತಾಗಿದ್ದು ಆ ವರ್ಷ. ಅಪ್ಪ ಒಂದನ್ನು ಮಾರ್ಚಿದರು, ಹತ್ತು ವರ್ಷಕ್ಕೆ ಇನ್ನೊಂದನ್ನು ಮಾರಿದರು.

ಆಮೇಲೆ ಜೀಪು ಹೊಲದ ದಾರಿ ಬಿಟ್ಟು ರಸ್ತೆ ಹತ್ತಲಿಲ್ಲ. ಬುಕ್ಕಿನ ಅವಧಿಯೂ ಮುಗೀತು. 2011ರಲ್ಲಿ ಅಪ್ಪ ತೀರಿಕೊಂಡರು.

ಮೂರು ದಾರಿ

2025ರಲ್ಲಿ ಡೀಸೆಲ್ ಇಂಜಿನ್ನಿಗೂ ಕಾಲ ಮುಗೀತು. ಸ್ಟಾರ್ಟಾದರೆ ಆಯಿಲ್ ಹಾಕೋ ಮುಚ್ಚಳದಿಂದ ಬುಸುಬುಸು ಹೊಗೆ, ಬಿಸಿಯಾದರೆ ಆಯಿಲ್ ಪ್ರೆಶರಿನ ಮುಳ್ಳು ನೆಲಕ್ಕೆ. ಸಾಹೇಬರು ನನ್ನ ಮುಂದೆ ಮೂರು ದಾರಿ ಇಟ್ಟರು. ಇದ್ದ ಡೀಸೆಲ್ಲನ್ನೇ ಪೂರ್ತಿ ಕೆಲಸ ಮಾಡಿಸಿದರೆ ಪಂಪು, ನಾಜಲ್ಲು ಸೇರಿ 95 ಸಾವಿರ. ಬೇರೆ ಹಳೇ ಡೀಸೆಲ್ ಇಂಜಿನ್ ತಂದು ಕೂರಿಸಿದರೆ 1 ಲಕ್ಷದ 10 ಸಾವಿರ. ಕೊಟ್ಟಿಗೆಯಲ್ಲಿದ್ದ ಪೆಟ್ರೋಲ್ ಇಂಜಿನ್ ಬದುಕಿದ್ದರೆ ಅದನ್ನು ಎಬ್ಬಿಸೋಕೆ 70 ಸಾವಿರದ ಮೇಲೆ.

ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ಅಪ್ಪಾ, ಪೆಟ್ರೋಲ್ ಜೀಪು ಸಾಕೋಕಾಗ್ತದಾ? ಲೀಟರಿಗೆ ನೂರು ದಾಟೈತೆ." ಮಾತು ನಿಜ. ಆಂಧ್ರದ ರೇಟು ತಪ್ಪಿಸಿಕೊಳ್ಳೋಕೆ ಗಡಿಯ ಮಂದಿ ಕರ್ನಾಟಕದ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿಕೊಂಡು ಬರೋ ಕಾಲ ಇದು. ಆದರೂ ಅಪ್ಪನ ಹಂಗೇ ನಾನೂ ಕೂತು ಲೆಕ್ಕ ಹಾಕಿದೆ.

ಪೆಟ್ರೋಲಿನ ರೇಟನ್ನು ಸರಕಾರ 2010ರಲ್ಲಿ ಕೈಬಿಟ್ಟಿತು, ಡೀಸೆಲ್ಲಿನದನ್ನು 2014ರಲ್ಲಿ. ಒಂದು ಕಾಲಕ್ಕೆ ಅರ್ಧಕ್ಕೂ ಕಡಿಮೆ ಇದ್ದ ಡೀಸೆಲ್ಲು ಈಗ ಪೆಟ್ರೋಲಿಗಿಂತ ಲೀಟರಿಗೆ ಹನ್ನೆರಡು ರೂಪಾಯಿ ಆಸುಪಾಸು ಕಡಿಮೆ, ಅಷ್ಟೇ. ಜೀಪಿನ ಓಟವೂ ಅಷ್ಟೇ ಕುಗ್ಗಿದೆ. ಟೊಮೇಟೊ ಕ್ರೇಟು ಪತ್ತಿಕೊಂಡ ಮಾರ್ಕೆಟ್ಟಿಗೆ ಹೋಗೋದು ಬಾಡಿಗೆ ಟೆಂಪೋದಲ್ಲಿ. ಊರಿಂದ ಊರಿಗೆ ನಾನು ಹೋಗೋದು ಬಸ್ಸು, ಇಲ್ಲಾ ಬೈಕು. ಜೀಪಿಗೆ ಉಳಿದ ಕೆಲಸ ಹೊಲ, ಸಂತೆ, ಮನೆಯ ಶುಭಾಶುಭ. ವರ್ಷಕ್ಕೆ 1500 ಕಿಲೋಮೀಟರು ದಾಟೋದಿಲ್ಲ. ಪೆಟ್ರೋಲಾದ್ರೆ 190 ಲೀಟರು, ಡೀಸೆಲ್ಲಾದ್ರೆ 125. ರೂಪಾಯಿಯಲ್ಲಿ ವರ್ಷಕ್ಕೆ ಎಂಟೊಂಬತ್ತು ಸಾವಿರದ ವ್ಯತ್ಯಾಸ. ಇಂಜಿನ್ ಕೆಲಸದಲ್ಲಿ ಉಳಿಯೋ 25 ಸಾವಿರ ಮೂರು ವರ್ಷಕ್ಕೆ ಪೆಟ್ರೋಲಿನಲ್ಲಿ ಕರಗ್ತದೆ. ಅಂದ್ರೆ ದುಡ್ಡಿನ ತಕ್ಕಡಿ ಎರಡೂ ಕಡೆ ಹೆಚ್ಚುಕಡಿಮೆ ಸಮ. 1993ರಲ್ಲಿ ಅದು ಒಂದೇ ಕಡೆ ನೆಲ ಮುಟ್ಟಿತ್ತು. ಇಂಜಿನ್ ಅದೇ, ಜೀಪೂ ಅದೇ. ಗಾಡಿಯ ಕೆಲಸ ಬೇರೆ ಆಗಿತ್ತು.

ತಕ್ಕಡಿ ಸಮ ಇದ್ದಾಗ ಮಿಕ್ಕಿದ್ದನ್ನು ನೋಡಬೇಕು. ನನಗೆ ಮಿಕ್ಕಿದ್ದು ಚಾಸಿಯ ಬಿರುಕು, ಬ್ರೇಕು ಮತ್ತು ಬುಕ್ಕು.

ಸ್ಪೋರ್ಟ್ಸ್ ಕಾರಿನ ಹುಡುಗ

ಆ ಹನ್ನೆರಡು ದಿನದಲ್ಲಿ ಬಳ್ಳಾರಿ ಹುಡುಗ ಮೂರ್ನಾಲ್ಕು ಸಲ ಸಿಕ್ಕ. ಅವನ ಕಾರು 'ಸ್ಟಾರ್ಮ್'. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಹೊರತಂದದ್ದು. ಮೈ ಫೈಬರಿನದು, ಒಳಗೆ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಇಂಜಿನ್. ತಯಾರಿ ನಿಂತು ಬಹಳ ಕಾಲವಾಯ್ತು. ರಸ್ತೆಯಲ್ಲಿ ಒಂದು ಕಂಡರೆ ಜನ ತಿರುಗಿ ನೋಡ್ತಾರೆ, ಆದರೆ ಅಂಗಡಿಯಲ್ಲಿ ಅದರ ಸಾಮಾನು ಕೇಳಿದರೆ ಯಾರೂ ತಿರುಗಿ ನೋಡೋದಿಲ್ಲ.

"ಊರ್ ತುಂಬಾ ಓಡಾಡೋ ಯಾವುದಾದ್ರೂ ಕಾರಿನ ಇಂಜಿನ್ ಕೂರಿಸಿಬಿಡಿ ಸಾಹೇಬ್ರೇ" ಅಂತ ಅವನು ದುಂಬಾಲು ಬಿದ್ದಿದ್ದ. ಸಾಹೇಬರು ಜೀಪಿನ ಕಡೆ ಕೈ ತೋರಿಸಿದರು. "ನೋಡ್ ತಮ್ಮಾ, ಅದು ಕಬ್ಬಿಣದ ಗಾಡಿ. ಬೇರೆ ಇಂಜಿನ್ ಕೂರಿಸಬೇಕಂದ್ರೆ ನಾಕು ಪಟ್ಟಿ ವೆಲ್ಡಿಂಗ್ ಮಾಡಿದ್ರೆ ಕುಂತ್ಕಂತೈತಿ. ನಿನ್ನ ಕಾರಿಗೆ ಇಂಜಿನ್ ಒಂದೇ ಬದಲಿ ಆಗಂಗಿಲ್ಲ. ಅದರ ಹಿಂದೆ ಗೇರ್ ಬಾಕ್ಸ್, ವೈರಿಂಗು, ಕಂಪ್ಯೂಟರ್ ಡಬ್ಬಿ, ಎಲ್ಲಾ ಬರ್ತಾವ. ತಲಿ ಬದಲಿ ಮಾಡಿದ್ರ ನರಾನೂ ಬದಲಿ ಮಾಡಬೇಕು."

ಮೊದಲು ಬಿಚ್ಚಿ ಅಳತೆ ನೋಡಾಣ, ಬ್ಲಾಕು ಗಟ್ಟಿ ಇದ್ದರೆ ಅದನ್ನೇ ಕಟ್ಟಾಣ, ಬ್ಲಾಕು ಹೋಗಿದ್ದರೆ ಅದೇ ಜಾತಿಯ ಹಳೇ ಇಂಜಿನ್ ಹುಡುಕು ಅಂದರು. ಬಿಚ್ಚಿ ನೋಡಿದರೆ ನೀರು ಬತ್ತಿ ಕಾಯ್ದು ಕಾಯ್ದು ಬ್ಲಾಕು ಸೀಳಿತ್ತು. ಹುಡುಗ ಈಗ ಅದೇ ಜಾತಿಯ ಇಂಜಿನ್ನಿನ ಬೇಟೆಯಲ್ಲಿದ್ದಾನೆ. ಅವನಿಗೂ ಬುಕ್ಕಿನ ಕೆಲಸ ತಪ್ಪಿದ್ದಲ್ಲ. ಜಾತಿ ಒಂದೇ ಆದರೂ ನಂಬರು ಬೇರೆ ತಾನೇ?

ಎರಡು ಥರದ ಬೋರು

ಕೊಟ್ಟಿಗೆಯ ಇಂಜಿನ್ನಿನ ಗೋಣಿಚೀಲ ಬಿಚ್ಚಿದಾಗ ಇಲಿ ಗೂಡು, ಸಗಣಿ ಧೂಳು. ಹ್ಯಾಂಡಲ್ ಹಾಕಿದರೆ ಅಲುಗಲಿಲ್ಲ. ಬಲವಂತ ಮಾಡಿ ತಿರುಗಿಸಿದ್ದರೆ ರಿಂಗು ಮುರಿದು ಸಿಲಿಂಡರು ಗೀರಿ ಇದ್ದದ್ದೂ ಹೋಗುತ್ತಿತ್ತು. ಸಾಹೇಬರು ನಾಲ್ಕು ಪ್ಲಗ್ಗು ಬಿಚ್ಚಿ, ತೂತಿನೊಳಗೆ ಡೀಸೆಲ್ಲೂ ಆಯಿಲೂ ಬೆರೆಸಿ ಹುಯ್ದು, "ಒಂದು ವಾರ ಮರೆತುಬಿಡ್ರಿ" ಅಂದರು. ಏಳನೇ ದಿನ ಬೆರಳಷ್ಟು ಅಲುಗಿತು. ಎಂಟನೇ ದಿನ ಒಂದು ಸುತ್ತು ಬಂತು.

ನಮ್ಮ ರೈತರಿಗೆ ಬೋರು ಅಂದ್ರೆ ಐನೂರು-ಆರುನೂರು ಅಡಿಯ ಕೊಳವೆಬಾವಿ. ನೀರು ಬಂದರೆ ಬಂತು, ಇಲ್ಲದಿದ್ದರೆ ಸಾಲ. ಲೇತಿನವರ ಬೋರು ಹಂಗಲ್ಲ. ಒಂದಿಂಚನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಹತ್ತು ಪಾಲು, ಇಪ್ಪತ್ತು ಪಾಲು ಕೊರೀತಾರೆ. ಕೊರೆದಷ್ಟೂ ದೊಡ್ಡ ಪಿಸ್ಟನ್ ಹಾಕಬೇಕು. ನಲವತ್ತು ಪಾಲಿಗೆ ಬಂದರೆ ಕೊನೆ ಅಂತಲೇ ಲೆಕ್ಕ. ಆಮೇಲೆ ಸಿಲಿಂಡರಿನೊಳಗೆ ಹೊಸ ಸ್ಲೀವು ಕೂರಿಸಬೇಕು. ಇದರಲ್ಲಿ ಒಂದು ಅನುಕೂಲ ಉಂಟು: ಕೊರೆಯೋ ಮುಂಚೆಯೇ ಅಳತೆ ಹಿಡಿದು ಎಷ್ಟು ಉಳಿದಿದೆ ಅಂತ ಹೇಳಬಹುದು. ನೆಲದ ಬೋರಿಗೆ ಆ ಭಾಗ್ಯ ಇಲ್ಲ.

ನಮ್ಮ ಇಂಜಿನ್ ಹಿಂದೆ ಯಾವಾಗಲೋ ಇಪ್ಪತ್ತು ಪಾಲು ಕೊರೆಸಿಕೊಂಡಿತ್ತು. ಮೂರು ಸಿಲಿಂಡರು ನಲವತ್ತಕ್ಕೆ ಶುದ್ಧವಾದವು. ನಾಲ್ಕನೆಯದರಲ್ಲಿ ತುಕ್ಕು ಗುಳಿ ಬಿದ್ದಿತ್ತು, ಅದಕ್ಕೆ ಸ್ಲೀವು. ಕ್ರ್ಯಾಂಕು ಹತ್ತು ಪಾಲು ಉಜ್ಜಿಸಿದ್ದಾಯ್ತು. ಇನ್ನೆರಡು ಮಾತು ಹಳೇ ಪೆಟ್ರೋಲ್ ಗಾಡಿಯವರು ನೆನಪಿಡಬೇಕು. 2000ದ ಫೆಬ್ರವರಿಯಿಂದ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ಹಳೇ ಇಂಜಿನ್ನುಗಳ ಎಕ್ಸಾಸ್ಟ್ ವಾಲ್ವಿನ ಸೀಟಿಗೆ ಆ ಸೀಸವೇ ರಕ್ಷೆ. ಹೆಡ್ಡು ಬಿಚ್ಚಿದಾಗ ಸೀಟು ಗಟ್ಟಿ ಲೋಹದ್ದೋ ಅಲ್ಲವೋ ನೋಡಿಸಿ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ಹಳೇ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪೊರೆಯನ್ನು ಮೆತ್ತಗೆ ಮಾಡ್ತದೆ. ನಾನು ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೂ ಪೈಪೆಲ್ಲ ಹೊಸದು ಹಾಕಿಸಿದೆ. ಒಟ್ಟು ಬಿಲ್ಲು 78 ಸಾವಿರ. ಚಾಸಿ ಮತ್ತು ಬ್ರೇಕಿಗೆ ಬೇರೆ 14 ಸಾವಿರ.

ರೇಟು ಹೇಳಿದ್ದಕ್ಕಿಂತ ಹೆಚ್ಚಾಯ್ತು. ಹಳೇ ಇಂಜಿನ್ ಬಿಚ್ಚಿದ ಮೇಲೆ ಹೇಳಿದ ರೇಟಿಗೇ ನಿಲ್ಲಿಸಿದ ಮೇಸ್ತ್ರಿಯನ್ನು ನಾನಿನ್ನೂ ಕಂಡಿಲ್ಲ. ಬಿಚ್ಚೋ ಮುಂಚೆಯೇ ನೂರಕ್ಕೆ ಇಪ್ಪತ್ತು ಹೆಚ್ಚು ಕೈಯಲ್ಲಿ ಇಟ್ಟುಕೊಳ್ಳಿ.

ಬುಕ್ಕಿನ ಮಾತು

ಮೋಟಾರು ವಾಹನ ಕಾಯ್ದೆ 1988ರದು. ಅದರ 52ನೇ ಕಲಂ ಹೇಳೋದು ಇಷ್ಟು: ಬುಕ್ಕಿನಲ್ಲಿರೋ ವಿವರಕ್ಕೂ ಕಂಪನಿ ಮಾಡಿದ್ದಕ್ಕೂ ತಾಳೆ ತಪ್ಪೋ ಹಂಗೆ ಮಾಲೀಕ ಗಾಡಿಯನ್ನು ಬದಲಿಸಬಾರದು. ಬದಲಾವಣೆ ಮಾಡೋದಾದರೆ ಆರ್‌ಟಿಓ ಒಪ್ಪಿಗೆ ಬೇಕು, ಮಾಡಿದ ಹದಿನಾಲ್ಕು ದಿನದೊಳಗೆ ತಿಳಿಸಿ ಬುಕ್ಕಿನಲ್ಲಿ ಬರೆಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಈ ಕಲಮನ್ನು ಬಿಗಿಯಾಗಿಯೇ ಓದಿತು. ಆದ್ದರಿಂದ ಬದಲಿ ಇಂಜಿನ್ ಕೊಳ್ಳೋರು ಬಿಲ್ಲಿಲ್ಲದೆ ಕೊಳ್ಳಬೇಡಿ. ಗುಜರಿಯಿಂದ ತಂದ ಇಂಜಿನ್ ಯಾವ ಗಾಡಿಯದು, ಆ ಗಾಡಿ ಏನಾಯ್ತು ಅನ್ನೋದಕ್ಕೆ ಕಾಗದ ಇರಲಿ. ಗಡಿ ದಾಟಿ ಹಳೇ ಜೀಪು ಕೊಳ್ಳೋ ವ್ಯಾಪಾರಸ್ಥರು ಆ ರಾಜ್ಯದ ಎನ್‌ಓಸಿ ಜೊತೆಗೆ ಇಂಜಿನ್ ನಂಬರನ್ನೂ ಕಣ್ಣಾರೆ ನೋಡಿ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳು ಮೀರಿ ಇಲ್ಲೇ ಇದ್ದರೆ ಹೊಸ ನಂಬರು ಮಾಡಿಸಬೇಕು. ಆಗ ಸುಳ್ಳು ಹೊರಗೆ ಬೀಳ್ತದೆ.

ನನಗೆ ಕೊನೆಗೆ ದಾರಿ ತೋರಿಸಿದ್ದೂ ಇದೇ. ಅಪ್ಪನ ಬುಕ್ಕು ಕೈಯಲ್ಲಿ ಹಿಡಿದು, ನೀರಿನ ಪಂಪಿನ ಹಿಂದೆ ಬ್ಲಾಕಿನ ಮೇಲೆ ಕೊರೆದ ನಂಬರಿನ ಮಣ್ಣು ಬ್ರಷ್ಷಿನಲ್ಲಿ ಉಜ್ಜಿ ಒಂದೊಂದೇ ಅಂಕಿ ಓದಿದೆ. ಎರಡೂ ಒಂದೇ. 32 ವರ್ಷ ಬುಕ್ಕು ಒಂದು ಮಾತು, ಗಾಡಿ ಒಂದು ಮಾತು ಆಡ್ತಿದ್ದವು. ಈ ಇಂಜಿನ್ ಕೂತರೆ ಎರಡೂ ಮತ್ತೆ ಒಂದೇ ಮಾತು ಆಡ್ತವೆ. ಅವತ್ತೇ ಸಾಹೇಬರಿಗೆ ಹೇಳಿದೆ, "ರಿಪೇರಿ ಚೇದ್ದಾಂ."

ಹಂಗಂತ ಎಲ್ಲರೂ ಹಳೇ ಇಂಜಿನ್ನನ್ನೇ ಕಟ್ಟಿಸಿ ಅಂತ ನಾನು ಹೇಳೋದಿಲ್ಲ. ದಿನಾ ನೂರು ಕಿಲೋಮೀಟರು ದುಡಿಯೋ ಗಾಡಿಯಾದರೆ ಅಪ್ಪನ ಉತ್ತರವೇ ಇವತ್ತಿಗೂ ಸರಿ ಇರಬಹುದು. ಮೊದಲು ಅಳತೆ ಹಿಡಿಸಿ. ಆಮೇಲೆ ಗಾಡಿ ಈಗ ನಿಜಕ್ಕೂ ಎಷ್ಟು ಓಡ್ತದೆ ಅಂತ ಬರೆದು ನೋಡಿ; ಹಿಂದೆ ಓಡಿದ್ದಲ್ಲ, ಮುಂದೆ ಓಡಿಸಬೇಕು ಅಂದುಕೊಂಡಿದ್ದಲ್ಲ. ಭಾರ ಹೆಚ್ಚಿದರೆ ಬ್ರೇಕು, ಕಮಾನುಪಟ್ಟಿಯ ಖರ್ಚನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಎಲ್ಲಕ್ಕೂ ಕೆಳಗೆ ಬುಕ್ಕಿನ ಖರ್ಚು ಬರೆಯಿರಿ. ಅಪ್ಪನ ಚೀಟಿಯಲ್ಲಿ ಆ ಕೊನೇ ಎರಡು ಸಾಲು ಇರಲಿಲ್ಲ.

ನನ್ನ ಚೀಟಿಯ ಕೊನೇ ಸಾಲೂ ಇನ್ನೂ ತುಂಬಿಲ್ಲ. ಹದಿನೈದು ವರ್ಷ ದಾಟಿದ ಕಾರು-ಜೀಪಿನ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿ ಇದ್ದದ್ದು 5000 ಆಗಿತ್ತು. ನಮ್ಮ ಇಂಜಿನ್ ಶೆಡ್ಡಿನಲ್ಲಿರುವಾಗಲೇ, 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 10,000 ಆಯ್ತು. ತಡ ಮಾಡಿದ್ದಕ್ಕೆ ದಂಡ ಬೇರೆ.

ಜೀಪು ಮನೆಗೆ ಬಂದದ್ದು ಲಾರಿ ಮೇಲೆ. ಅಂಗಳದಲ್ಲಿ ಇಳಿಸಿ ಸೆಲ್ಫ್ ಹೊಡೆದಾಗ ಎರಡನೇ ಸಲಕ್ಕೆ ಹತ್ತಿಕೊಂಡಿತು. ನಾನು ಹತ್ತನೇ ವಯಸ್ಸಿನಲ್ಲಿ ಕೇಳಿದ ಅದೇ ಮೆತ್ತನೆ ಸದ್ದು. ಸದ್ದು ಕೇಳಿ ಮಾವ ಬಂದ. ಈಗ ಅವನಿಗೆ ಎಪ್ಪತ್ತು ದಾಟಿದೆ. ಬಲಗಾಲು ಎಳೆದು ನಡೀತಾನೆ. ಜೀಪಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಕೈಯಿಟ್ಟು ನಡುಕ ನೋಡಿದ.

"ಚೆನ್ನಾಗೈತೆ ಅಳಿಯಾ. ಬುಕ್ಕಿನಾಗ ಬರೆಸಿದೇನು?"

"ಬರೆಸಾಕ ಏನಿಲ್ಲ ಮಾವ, ಇದು ಬುಕ್ಕಿನಾಗ ಇರೋ ಇಂಜಿನ್ನೇ. ರಿನೀವಲ್ ಒಂದು ಆಗಬೇಕು. ಮುಂದಿನ ವಾರ ಹೋಗ್ತೀನಿ."

"ಹೋಗಿ ಬಾ. ಆಮೇಲೆ ಕುಂದರ್ತೀನಿ" ಅಂದ.

ಇಂಜಿನ್ ನಿಲ್ಲಿಸಿ ಬೀಗದ ಕೈಯನ್ನು ಗೂಟಕ್ಕೆ ಹಾಕಿದೆ. ಆರ್‌ಟಿಓ ಆಫೀಸಿನ ಚೀಟಿ ಬರೋತನಕ ಅದು ಅಲ್ಲೇ ಇರ್ತದೆ.